ಒಲ್ಲೆ ಅನ್ನುವ ಬಾಯಿ

ಎರಡು ಮನೆಗಳಲ್ಲಿ ಯಾವುದು ಯಾವುದೆಂಬುದು ಅನಿಕೇತನಿಗೆ ಮತ್ತೆ ತಪ್ಪಿಹೋಯಿತು. ಅಡಿಗೆಮನೆಯ ಕಟ್ಟೆಗೆ ಒರಗಿ ಫೋನಿನಲ್ಲಿ ಒಂದಾದ ಮೇಲೊಂದು ಫೋಟೋ ಸರಿಸುತ್ತ ಹೋದರೆ ಎರಡಕ್ಕೂ ಅದೇ ಮಣ್ಣು ಬಣ್ಣದ ಗೋಡೆ, ಅದೇ ಹಂಚು, ಮುಂದೆ ಹುಲ್ಲಿನ ಬದಲು ಅದೇ ಜಲ್ಲಿಕಲ್ಲು, ಜಲ್ಲಿಯ ನಡುವೆ ಯಾರೋ ಇಳಿಸಿ ಮರೆತುಹೋದಂತೆ ನಿಂತ ಒಂದು ಕಳ್ಳಿ. ಒಂದು ಚಾಂಡ್ಲರ್ ಎಂಬ ಊರಿನದು, ಇನ್ನೊಂದು ಅದಕ್ಕೂ ಆಚೆಯ ಕ್ವೀನ್ ಕ್ರೀಕ್‌ನದು. ಹೆಸರಿಗೆ ಹಳ್ಳ, ನೀರಿನ ಮಾತು ಮಾತ್ರ ಕೇಳಬೇಡಿ ಎಂದು ಮನೆ ತೋರಿಸುವ ಜಯರಾಮನೇ ನಕ್ಕಿದ್ದ. ಎರಡೂ ಅಮೆರಿಕದ ಇನ್ನೊಂದು ರಾಜ್ಯದ ಫೀನಿಕ್ಸಿನ ಸುತ್ತಿನವು, ಎರಡೂ ಮರುಭೂಮಿ. ಜಯರಾಮ್ ಮೈಸೂರಿನವನು, ಒಂದು ಕಾಲಕ್ಕೆ ತಾನೂ ಸಾಫ್ಟ್‌ವೇರಿನಲ್ಲಿದ್ದವನು, ಈಗ ಅಲ್ಲಿಗೆ ಬಂದಿಳಿಯುವ ನಮ್ಮವರಿಗೆಲ್ಲ ಮನೆ ಕೊಡಿಸುವುದೇ ಅವನ ದಂಧೆ. ಮಧ್ಯಾಹ್ನ ಅವನು ಎರಡೂ ಮನೆಗಳ ಒಳಹೊಕ್ಕು ವಿಡಿಯೋದಲ್ಲಿ ತೋರಿಸುವವನಿದ್ದ. ಸಂಜೆಯೊಳಗೆ ಹೂಂ ಅನ್ನಬೇಕು, ಇಲ್ಲದಿದ್ದರೆ ಎರಡನ್ನೂ ಬೇರೆಯವರು ಎತ್ತಿಕೊಂಡು ಹೋಗುತ್ತಾರೆ ಎಂದಿದ್ದ. ದೀಪಾಲಿಗೆ ಇದರಲ್ಲಿ ಗೊಂದಲವೇ ಇರಲಿಲ್ಲ. ಬಾಗಿಲು ಪೂರ್ವಕ್ಕಿರಬೇಕು, ಮಾವನಿಗೆ ಕೆಳಗೇ ಒಂದು ರೂಮಿರಬೇಕು, ಅಷ್ಟೇ. ಮಾವ ಬರುತ್ತಾರೋ ಇಲ್ಲವೋ ಎಂಬುದನ್ನು ಕೇಳುವ ಕೆಲಸವನ್ನು ಮಾತ್ರ ಅವಳು ಗಂಡನಿಗೆ ಬಿಟ್ಟಿದ್ದಳು, ಗಂಡ ಅದನ್ನು ಇವತ್ತಿನವರೆಗೂ ದೂಡುತ್ತ ಬಂದಿದ್ದ. ‘ಇವತ್ತರ ಕೇಳ್ರಿ’ ಎಂದಳು ಅವಳು, ಚಪಾತಿ ಲಟ್ಟಿಸುತ್ತ, ತಲೆ ಎತ್ತದೆ. ‘ಬರೇ ಕರಕೊಂಡ ಹೋಗಿ ಕರಕೊಂಡ ಬರಬ್ಯಾಡ್ರಿ.’

ಕೇಳುವುದೇನು ಮಹಾ ಎಂದು ಅವನೂ ಅಂದುಕೊಂಡಿದ್ದ. ಬಚ್ಚಲಲ್ಲಿ ಗಡ್ಡ ಹೆರೆಯುವಾಗ ಕನ್ನಡಿಯೆದುರು ಎಷ್ಟು ಸಲ ಕೇಳಿದ್ದನೋ. ಅಪ್ಪಾ, ನಮ್ಮ ಆಫೀಸು ಫೀನಿಕ್ಸಿಗೆ ಹೊಂಟೈತಿ. ಕನ್ನಡಿಯಲ್ಲಿ ಅದು ಎಷ್ಟು ಸಲೀಸಾಗಿ ಬರುತ್ತಿತ್ತು! ಅಪ್ಪನ ರೂಮಿನ ಬಾಗಿಲಿಗೆ ಬಂದರೆ ಮಾತು ಬಿಸಿತುಪ್ಪವಾಗುತ್ತಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅದು ಅನಿಕೇತನ ಹುಟ್ಟುಗುಣ. ಐವತ್ತು ಮುಟ್ಟಿದರೂ ಹಾವು ಹಾಗೇ ಇತ್ತು, ಕೋಲು ಹಾಗೇ ಇತ್ತು, ನಡುವೆ ಇವನೊಬ್ಬ ಬೆವರುತ್ತಿದ್ದ. ರೆಡ್‌ವುಡ್ ಸಿಟಿಯ ಆಫೀಸಿನ ಗಾಜಿನ ಕೋಣೆಯಲ್ಲೂ ಹೀಗೇ ಬೆವರಿದ್ದ. ಎದುರಿಗೆ ಕುಳಿತವನು ವಿಕಾಸ್, ಬೆಂಗಳೂರಿನ ಹುಡುಗ, ಇವನಿಗಿಂತ ಎಷ್ಟೋ ಚಿಕ್ಕವ, ಇವನ ಮ್ಯಾನೇಜರು. ನಮ್ಮ ಕಡೆಯ ಮರ್ಯಾದೆ ಬಿಡದೆ ಅವನು ಅನಿಕೇತನನ್ನು ಎಲ್ಲರೆದುರಿಗೂ ಸರ್ ಎಂದೇ ಕರೆಯುತ್ತಿದ್ದ. ಅಮೆರಿಕದವರು, ಚೀನಾದವರು, ಎಲ್ಲ ಹೆಸರು ಹಿಡಿದು ಕರೆಯುವ ಜಾಗದಲ್ಲಿ ಆ ಒಂದು ಸರ್ ಎನ್ನುವುದು ಇವನ ವಯಸ್ಸನ್ನು ಮೇಜಿನ ಮೇಲೆ ತೆಗೆದಿಟ್ಟಂತಾಗುತ್ತಿತ್ತು. ‘ಸರ್, ನಿಮ್ಮನ್ನ ಉಳಿಸ್ಕೊಳ್ಳೋಕೆ ನಾನು ತುಂಬಾ ಫೈಟ್ ಮಾಡ್ಬೇಕಾಯ್ತು. ಇಲ್ಲಿ ನಿಮ್ಮ ರೋಲೇ ಇರಲ್ಲ. ಫೀನಿಕ್ಸಲ್ಲಿ ಆದ್ರೆ ಸೀಟು ಪಕ್ಕಾ’ ಎಂದಿದ್ದ ವಿಕಾಸ್. ಸೋಮವಾರ ಹೇಳಿಬಿಡಿ, ಮನೇಲಿ ಮಾತಾಡ್ಕೊಂಡು ಹೇಳಿ ಎಂದೂ ಸೇರಿಸಿದ್ದ, ದಯೆಯಿಂದಲೇ. ಅನಿಕೇತ ಥ್ಯಾಂಕ್ಸ್ ಎಂದಿದ್ದ. ಹೊರಗೆ ಬಂದು ಪಾರ್ಕಿಂಗಿನಲ್ಲಿ ಕಾರು ಎಲ್ಲಿಟ್ಟೆನೆಂದು ಹುಡುಕುವಾಗ ನೆನಪಾದದ್ದು ಅದೊಂದೇ. ಊರು ಬಿಡಿಸಿದವನಿಗೆ ಥ್ಯಾಂಕ್ಸ್ ಹೇಳಿ ಬಂದೆನಲ್ಲ.

ರೂಮಿನ ಬಾಗಿಲು ತೆರೆದು ಅಪ್ಪ ಮಲ್ಲಪ್ಪ ಹೊರಗೆ ಬಂದ. ಹಣೆಯ ತುಂಬ ವಿಭೂತಿ, ಧೋತರದ ಮೇಲೆ ಮೊಮ್ಮಗಳ ಶಾಲೆಯ ಹೆಸರು ಬರೆದ ದಪ್ಪ ಜಾಕೀಟು. ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು, ಯಾವ ಬಸ್ಸು ಯಾವಾಗ ಬಿಡಬೇಕೆಂದು ಸೀಟಿ ಊದಿ ಹೇಳುತ್ತಿದ್ದವನು, ಈಗ ಶನಿವಾರ ಬಂತೆಂದರೆ ಮಗ ಕಾರು ತೆಗೆಯುವುದನ್ನು ಕಾಯುತ್ತ ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು ನಿಲ್ಲುತ್ತಿದ್ದ. ಕೈಯಲ್ಲಿ ನೀರಿನ ಬಾಟಲಿ, ಒಂದು ಹಳೆಯ ಪಂಜೆ. ಅವ್ವನ ಹತ್ತಿರ ಹೋಗುವುದಕ್ಕೆ ಅಷ್ಟು ಸಾಕು. ಫ್ರೀವೇ ಹತ್ತಿದ ಮೇಲೆ ಅಪ್ಪ ಎಂದಿನಂತೆ ಪಕ್ಕದ ಗಾಡಿಗಳನ್ನೆಲ್ಲ ನೋಡುತ್ತ, ಮುಂದೆ ಹೋಗುತ್ತಿದ್ದ ಲಾರಿಯೊಂದರ ಹಿಂದಿನ ಟೈರು ನೋಡಿ ಇದಕ್ಕ ನಾ ಆಗಿದ್ರ ರೈಟ್ ಅಂತಿದ್ದಿಲ್ಲ ಎಂದ. ಅನಿಕೇತ ನಕ್ಕ. ನಗುವಿನ ಬೆನ್ನಿಗೇ ಕೇಳಿಬಿಡಬೇಕೆಂದುಕೊಂಡ. ಯೂನಿಯನ್ ಸಿಟಿ ಹಿಂದೆ ಬಿತ್ತು, ಹೇವರ್ಡಿನ ಗುಡ್ಡಗಳು ಎದ್ದವು, ಎಕ್ಸಿಟ್ಟೂ ಬಂತು. ಎಕ್ಸಿಟ್ಟಿನ ತಿರುವಿನಲ್ಲಿ ಬ್ಲಿಂಕರ್ ಟಿಕ್ ಟಿಕ್ ಎನ್ನುತ್ತಿತ್ತು, ಒಳಗೂ ಏನೋ ಹಾಗೇ ಎನ್ನುತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ.

ಸ್ಮಶಾನದ ಈ ಗುಡ್ಡ ಹತ್ತುವಾಗೆಲ್ಲ ಇಲ್ಲಿನ ಆಫೀಸಿನ ಕಪ್ಪು ಸೂಟಿನ ಆ ಮನುಷ್ಯ ನೆನಪಾಗುತ್ತಾನೆ. ಎಷ್ಟು ಮೆಲುದನಿ ಅವನದು! ಅವ್ವ ಗುರುಬಸವ್ವ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದ ಮರುದಿನ, ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಕೊಡುತ್ತೇವೆ, ಅದೂ ಕೂಡ್ರಿಸಿ ಎಂದು ಅನಿಕೇತ ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದಿತ್ತು. ಲಿಂಗವಂತರ ಮನೆಯಲ್ಲಿ ಹುಟ್ಟಿ ಇಷ್ಟು ವರ್ಷವಾದರೂ ಯಾಕೆ ಕೂಡ್ರಿಸಿ ಎಂಬುದಕ್ಕೆ ಅವನ ಹತ್ತಿರ ಇಂಗ್ಲಿಷಿನಲ್ಲಿ ಒಂದು ನೆಟ್ಟಗಿನ ವಾಕ್ಯ ಇರಲಿಲ್ಲ. ಧ್ಯಾನಕ್ಕೆ ಕೂತ ಹಾಗೆ, ಎಡಗೈಯಲ್ಲಿ ಲಿಂಗ ಹಿಡಿದು, ಎಂದು ತಾನೇ ಕುರ್ಚಿಯಲ್ಲಿ ಕಾಲು ಮಡಚಿ ತೋರಿಸಲು ಹೋಗಿದ್ದ. ಕಪ್ಪು ಸೂಟಿನವನು ಬಹಳ ಗೌರವದಿಂದ ಬರೆದುಕೊಂಡ, ಒಳಗೆ ಹೋಗಿ ಕೇಳಿಕೊಂಡು ಬಂದ, ಸಾಧ್ಯವಿಲ್ಲ ಎಂದ. ಪೆಟ್ಟಿಗೆ ಇಂತಿಷ್ಟೇ ಉದ್ದ, ಅದರ ಹೊರಗೆ ಕಾಂಕ್ರೀಟಿನ ಇನ್ನೊಂದು ಪೆಟ್ಟಿಗೆ. ಎಲ್ಲರೂ ಮಲಗಿಯೇ ಇರುತ್ತಾರೆ ಸರ್. ಅಲ್ಲಿ ಒಲ್ಲೆ ಅನ್ನಬೇಕಿತ್ತು, ಬೇರೆ ಕಡೆ ವಿಚಾರಿಸಬೇಕಿತ್ತು. ಅನಿಕೇತ ಆಗಲಿ ಎಂದ. ಎವರ್‌ಗ್ರೀನ್ ಎಂಬ ಬಡಾವಣೆಯಿಂದ ಬಂದಿದ್ದ ಲಿಂಗವಂತ ಸಮಾಜದ ಶಿವಪ್ರಸಾದ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು, ಮಂತ್ರ ಹೇಳುತ್ತಿದ್ದಾಗ ಅಪ್ಪ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಮಲಗಿಸೇ ಇಡ್ತಾರೇನು ಎಂದು ಮೆಲ್ಲಗೆ ಕೇಳಿದ. ಹೂಂ ಎಂದ ಮಗ. ಅಪ್ಪ ಪೆಟ್ಟಿಗೆಯ ಅಂಚನ್ನು ಅಂಗೈಯಿಂದ ಸವರಿದ. ಆಮೇಲೆ, ‘ಬಾಳ ದಣದಿದ್ಲು. ಮಲಗಲಿ ಬಿಡು’ ಎಂದ. ಆ ಮಾತಿಗಾದರೂ ಅಳಬೇಕಿತ್ತು, ಕಪ್ಪು ಸೂಟಿನವನು ಪಕ್ಕದಲ್ಲೇ ನಿಂತಿದ್ದನೆಂದು ಅನಿಕೇತ ಅಳಲಿಲ್ಲ.

ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಅದೇ ಮನುಷ್ಯ ಅದೇ ಮೆಲುದನಿಯಲ್ಲಿ, ಪಕ್ಕದ ಜಾಗವೂ ಈಗಲೇ ಹಿಡಿದಿಟ್ಟರೆ ಒಳ್ಳೆಯದು, ಜೋಡಿಗಳು ಹಾಗೇ ಮಾಡುತ್ತಾರೆ, ತಂದೆಯವರು ಮುಂದೆ ಒಂಟಿಯಾಗಬಾರದಲ್ಲ ಎಂದ. ಅಪ್ಪ ಒಂಟಿಯಾಗಬಾರದು ಎಂಬ ಮಾತು ಅನಿಕೇತನ ಮನಸ್ಸಿಗೆ ನಾಟಿತು. ನಿದ್ದೆಗೆಟ್ಟ ತಲೆ, ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ಕೆಲವು ವಾರಗಳ ನಂತರ ಕಂಚಿನ ಫಲಕ ಹುಲ್ಲಿನಲ್ಲಿ ಕೂತಿತು, ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದ. ಒಂದೇ ಫಲಕ, ಎಡಕ್ಕೆ ಗುರುಬಸವ್ವ, ಹುಟ್ಟಿದ ವರ್ಷ, ಗೀಟು, ಹೋದ ವರ್ಷ. ಬಲಕ್ಕೆ ಮಲ್ಲಪ್ಪ, ಹುಟ್ಟಿದ ವರ್ಷ, ಗೀಟು. ಗೀಟಿನ ಮುಂದೆ ಖಾಲಿ ಕಂಚು. ಬದುಕಿರುವವನ ಹೆಸರನ್ನು ಕುಣಿಯ ಮೇಲೆ ಕೆತ್ತಿಸುವ ಮಗ ಗದಗ ಜಿಲ್ಲೆಯಲ್ಲಿ ಇನ್ನೊಬ್ಬ ಸಿಗಲಿಕ್ಕಿಲ್ಲ. ಅಪ್ಪ ಬಗ್ಗಿ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದ. ಇದು ನಂದಲ್ಲೇನು ಎಂದ. ಇಲ್ಲಿ ಹಿಂಗ ಮಾಡ್ತಾರಪ್ಪ ಎಂದ ಅನಿಕೇತ. ಹೌದಾ, ಅಕ್ಷರ ಚಂದ ಕೆತ್ಯಾರ ಎಂದನೇ ಹೊರತು ಅಪ್ಪ ಅವತ್ತಾಗಲಿ ಆಮೇಲಾಗಲಿ ಮತ್ತೊಂದು ಮಾತು ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಗುಡ್ಡದ ಮೇಲೆ ಗಾಳಿ ಬೀಸುತ್ತಿತ್ತು. ಕೆಳಗೆ ದೂರದಲ್ಲಿ ಕೊಲ್ಲಿಯ ನೀರು ಬೂದುಬಣ್ಣಕ್ಕೆ ತಿರುಗಿತ್ತು. ಆಚೆ ದಡದ ಕಡೆಗೆ ಸೇತುವೆಯ ಗೆರೆ ಕಾಣುತ್ತಿತ್ತು, ಅವನು ದಿನವೂ ಆಫೀಸಿಗೆ ದಾಟುವ ಸೇತುವೆ. ಪಕ್ಕದ ಸಾಲಿನಲ್ಲಿ ಚೀನಾದವರ ಕುಟುಂಬವೊಂದು ಕಿತ್ತಳೆ ಹಣ್ಣು ಪೇರಿಸಿಟ್ಟು, ತಾವೂ ಒಂದೊಂದು ಸುಲಿದು ತಿನ್ನುತ್ತ ಕುಳಿತಿತ್ತು. ಅಪ್ಪ ಮೊಳಕಾಲೂರಿ ಕೂತು ಫಲಕದ ಮೇಲೆ ನೀರು ಸುರಿದು ಪಂಜೆಯಿಂದ ಒರೆಸಿದ. ಮೊದಲು ಎಡಗಡೆ, ಆಮೇಲೆ ಬಲಗಡೆ. ಅವ್ವನ ಹೆಸರಿನ ಸಂದಿಗಳಲ್ಲಿ ಎಷ್ಟು ನಿಧಾನವಾಗಿ ಬೆರಳಾಡಿಸಿದನೋ ತನ್ನ ಹೆಸರಿನ ಸಂದಿಗಳಲ್ಲೂ ಅಷ್ಟೇ ನಿಧಾನ. ಹೆಬ್ಬಾತುಗಳು ಹುಲ್ಲಿನ ಮೇಲೆ ಹಿಕ್ಕೆ ಹಾಕುತ್ತ ಓಡಾಡುತ್ತಿದ್ದವು. ಅನಿಕೇತ ಗಂಟಲು ಸರಿಮಾಡಿಕೊಂಡ. ‘ಅಪ್ಪಾ.’ ‘ಹೂಂ.’ ‘ಏನಿಲ್ಲ. ಥಂಡಿ ಐತಿ. ಜಾಕೀಟಿನ ಗುಂಡಿ ಹಾಕ್ಕೋ.’ ಅಪ್ಪ ಹಾಕಿಕೊಂಡ. ಆಗಲೇ ಒಬ್ಬ ಬಿಳಿಯ ಹೆಂಗಸು, ವಯಸ್ಸಾದವಳು, ಕೈಯಲ್ಲಿ ಹೂವಿನ ಗೊಂಚಲು ಹಿಡಿದು ಆ ದಾರಿಯಲ್ಲಿ ಬಂದಳು. ಅವಳ ಗಂಡನಿರುವುದು ಎರಡು ಸಾಲು ಮೇಲಂತೆ. ಫಲಕವನ್ನೊಮ್ಮೆ ಓದಿ, ಅನಿಕೇತನ ಕೈ ಹಿಡಿದು, ತಂದೆತಾಯಿ ಇಬ್ಬರನ್ನೂ ಕಳೆದುಕೊಂಡಿರಲ್ಲ, ನನಗೆ ತುಂಬ ದುಃಖವಾಗುತ್ತದೆ ಎಂದಳು. ಗೀಟಿನ ಮುಂದಿನ ಖಾಲಿ ಅವಳ ಕಣ್ಣಿಗೆ ಬೀಳಲಿಲ್ಲವೋ ಏನೋ. ಇವರೇ ನನ್ನ ತಂದೆ ಎನ್ನಬಹುದಿತ್ತು. ಅವಳಿಗೆ ಮುಜುಗರವಾದೀತೆಂದು ಅನಿಕೇತ ಥ್ಯಾಂಕ್ಯೂ ಎಂದ. ಅವಳು ಅಪ್ಪನ ಕಡೆಗೂ ತಿರುಗಿ ತಲೆಬಾಗಿ ಹೋದಳು, ಯಾರೋ ಸಂಬಂಧಿಕರು ಎಂದುಕೊಂಡಿರಬೇಕು. ಏನಂದ್ಲಾಕಿ ಎಂದು ಅಪ್ಪ ಕೇಳಿದ. ಸುಮ್ಮನ ಮಾತಾಡ್ಸಿದ್ಲು ಎಂದ ಮಗ. ಅಪ್ಪ ಪಂಜೆ ಹಿಂಡುತ್ತ, ‘ನನ್ನೂ ಸೇರಿಸಿ ಮಾತಾಡ್ಸಿದ್ಲಲ್ಲೋ’ ಎಂದು ನಕ್ಕ. ಬಾಯಿಯ ತುಂಬ ನಕ್ಕ. ಅನಿಕೇತನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ತಿರುಗಿ ಬರುವಾಗ ಕಾರಿನಲ್ಲಿ ಅಪ್ಪ ತೂಕಡಿಸಿದ. ಮಾತಾಡುವ ಕಷ್ಟ ತಪ್ಪಿತೆಂದು ಅನಿಕೇತನಿಗೆ ನಿರಾಳವಾಯಿತು. ಆ ನಿರಾಳದೊಳಗೇ ತಲೆಯಲ್ಲಿ ಒಂದು ಇಂಗ್ಲಿಷ್ ವಾಕ್ಯ ಓಡುತ್ತಿರುವುದು ಕೇಳಿಸಿತು. ನಮ್ಮ ತಂದೆಗೆ ಊರು ಬದಲಿಸುವುದು ಆಗುವುದಿಲ್ಲ ವಿಕಾಸ್, ವಯಸ್ಸಾಗಿದೆ, ತಾಯಿ ಇಲ್ಲಿದ್ದಾರೆ, ನಾನು ಬರಲಾರೆ. ಎಷ್ಟು ಚೆಂದದ ವಾಕ್ಯ. ಯಾವಾಗಿನಿಂದ ಓಡುತ್ತಿತ್ತೋ, ಬಚ್ಚಲಿನ ಕನ್ನಡಿಯೆದುರೂ ಅದೇ ಓಡುತ್ತಿತ್ತೇ? ವಿಕಾಸನ ಮುಖದಲ್ಲಿ ಗೌರವ ಮೂಡುವುದು, ಓಹ್ ಸರ್, ಅರ್ಥ ಆಗತ್ತೆ ಎನ್ನುವುದು, ಕೊನೆಯ ದಿನ ಕೇಕು ಕತ್ತರಿಸುವುದು, ಎಲ್ಲ ಅದರ ಹಿಂದೆಯೇ ಬಂದವು. ಅವನಿಗೆ ಆ ಮರುಭೂಮಿ ಬೇಡವಾಗಿತ್ತು. ಅಲ್ಲಿ ಹೋಗಿ ಮತ್ತೆ ಮೊದಲಿನಿಂದ ಹುಡುಗರ ನಡುವೆ ಸರ್ ಆಗಿ ಕೂರುವುದು ಬೇಡವಾಗಿತ್ತು. ಆದರೆ ಬೇಡ ಎಂದು ತಾನೇ ಹೇಳಿದರೆ ಸೋತವನಾಗುತ್ತಾನೆ, ಹೆಂಡತಿಯೆದುರು, ವಿಕಾಸನೆದುರು, ಈ ವಯಸ್ಸಿನಲ್ಲಿ ಎಲ್ಲಿ ಕೆಲಸ ಹುಡುಕುತ್ತೀರಿ ಎಂದು ಬಾಯಿಬಿಟ್ಟು ಕೇಳದ ಎಲ್ಲರೆದುರು. ಅಪ್ಪ ಒಲ್ಲೆ ಎಂದರೆ ಅವನು ಒಳ್ಳೆಯ ಮಗನಾಗುತ್ತಾನೆ. ಇಷ್ಟು ದಿನ ಕೇಳಲು ಹೆದರಿದ್ದು ಅಪ್ಪ ಒಲ್ಲೆ ಎಂದಾನೆಂದಲ್ಲ, ಹೂಂ ಎಂದುಬಿಟ್ಟರೆ ಎಂದು. ಇದು ಹೊಳೆದದ್ದೇ ಅವನು ಕತ್ತು ಹೊರಳಿಸಿದ. ಪಕ್ಕದಲ್ಲಿ ಅಪ್ಪನ ತಲೆ ಸೀಟುಬೆಲ್ಟಿನ ಮೇಲೆ ವಾಲಿತ್ತು, ವಿಭೂತಿ ಬೆಲ್ಟಿಗೆ ಅಂಟಿತ್ತು. ಮಕ್ಕಳಿಗೋಸ್ಕರ ಅಪ್ಪಂದಿರು ಏನೇನೋ ಹೊರುತ್ತಾರೆ ನಿಜ. ಮಗನ ಹೇಡಿತನವನ್ನೂ ಹೊರಲಿ ಎಂದು ಬಯಸುವ ಮಗನಿಗೆ ಏನೆನ್ನಬೇಕು? ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಫ್ರೀವೇಯಲ್ಲಿ ಅವನು ಎತ್ತಿನ ಗಾಡಿಯ ವೇಗಕ್ಕೆ ಇಳಿದಿದ್ದ.

ಊಟ ಮುಗಿದು ಕೈ ಒರೆಸಿಕೊಳ್ಳುವುದರೊಳಗೆ ಜಯರಾಮನ ಕರೆ ಬಂತು. ದೀಪಾಲಿ ಅದನ್ನು ಟಿವಿಗೆ ಹಚ್ಚಿದಳು, ಗೋಡೆಯ ತುಂಬ ಜಯರಾಮನ ಬೆವರಿದ ಮುಖ. ಕೆಳಗಿನ ಸೋಫಾದಲ್ಲಿ ಇವರು, ಪಕ್ಕದ ಕುರ್ಚಿಯಲ್ಲಿ ಅಪ್ಪ, ಮೆಟ್ಟಿಲ ಮೇಲೆ ಮಗಳು ನಿಹಾರಿಕಾ. ಜಯರಾಮ್ ಮಾತಿನ ಮಲ್ಲ. ಬಾಗಿಲಿನಲ್ಲಿ ನಿಂತು ದಿಕ್ಸೂಚಿ ಹಿಡಿದು ತೋರಿಸಿದ, ಪೂರ್ವ ಅಂದ್ರೆ ಪೂರ್ವ ಮೇಡಂ, ಒಂದು ಕೂದಲೆಳೆ ಆಚೀಚೆ ಇಲ್ಲ. ಅಡಿಗೆಮನೆ ಆಗ್ನೇಯ. ದೇವರ ಮನೆ ಅಂತ ಬಿಳಿಯರು ಕಟ್ಟಲ್ಲ, ಈ ಕೋಟ್ ಇಡೋ ಜಾಗವನ್ನೇ ಎಲ್ಲರೂ ಮಾಡ್ಕೋತಾರೆ. ಬೇಸಗೆಯಲ್ಲಿ ನಲ್ಲಿಯ ತಣ್ಣೀರೂ ಬಿಸಿ ಬರುತ್ತೆ, ಗೀಸರ್ ಖರ್ಚು ಉಳೀತು ಅಂದ್ಕೊಳ್ಳಿ. ನಿಹಾರಿಕಾ ತನ್ನಷ್ಟಕ್ಕೆ, ‘ಇಟ್ಸ್ ಲಿಟರಲಿ ಆ್ಯನ್ ಓವನ್’ ಎಂದಳು. ಬಿಸಿಲು ನಮಗೇನು ಹೊಸಾದು ಬಿಡವಾ, ಗದಗಿನ ಮಂದಿ ನಾವು ಎಂದ ಅಪ್ಪ, ಮೊಮ್ಮಗಳ ಕಡೆ ತಿರುಗಿ. ಆ ಮಾತಿಗೆ ಅನಿಕೇತ ಬೆಚ್ಚಿದ. ದೀಪಾಲಿ ಅವನತ್ತ ನೋಡಿದಳು, ಕೇಳಿದ್ರಲ್ಲ ಎನ್ನುವ ಹಾಗೆ. ಅವನು ಕೇಳಿರಲಿಲ್ಲ, ಹೇಳಿರಲಿಲ್ಲ. ಆದರೆ ಅಪ್ಪನಿಗೆ ಎಲ್ಲ ಗೊತ್ತಿತ್ತು. ಈ ದೇಶದ ಮನೆಗಳ ಗೋಡೆ ರಟ್ಟಿನದು, ಕಿವಿ ಬೇರೆ ಬೇಕಾಗಿಲ್ಲ. ಎಷ್ಟು ದಿನದಿಂದ ಗೊತ್ತಿತ್ತೋ. ಗೊತ್ತಿದ್ದೂ ಈ ಮುದುಕ ಇವತ್ತು ಬೆಳಿಗ್ಗೆ ಗುಡ್ಡದ ಮೇಲೆ ಮಗ ತೊದಲುವುದನ್ನು, ಜಾಕೀಟಿನ ಗುಂಡಿಯ ಮಾತಾಡುವುದನ್ನು ಕಂಡು ಸುಮ್ಮನಿದ್ದನಲ್ಲ. ಅನಿಕೇತ ಟಿವಿಯ ಕಡೆಗೇ ಕಣ್ಣು ನೆಟ್ಟ.

‘ಇದು ನೋಡಿ, ಕೆಳಗಡೆ ಬೆಡ್‌ರೂಮು, ಯಜಮಾನ್ರಿಗೆ’ ಎಂದು ಜಯರಾಮ್ ಒಂದು ಖಾಲಿ ಕೋಣೆಯ ಸುತ್ತ ಫೋನು ತಿರುಗಿಸಿದ. ಮಾವಾರ, ಈ ರೂಮು ಅಡ್ಡಿಯಿಲ್ಲಲ್ರಿ, ಕಿಡಕಿನೂ ದೊಡ್ಡದೈತಿ ಎಂದು ದೀಪಾಲಿ ಕೇಳಿದಳು. ಅವಳ ದನಿಯಲ್ಲಿ ನಿಜವಾದ ಕಾಳಜಿ ಇತ್ತು. ಅತ್ತೆ ಹೋದ ಮೇಲೆ ಈ ಮುದುಕನ ಊಟ, ಗುಳಿಗೆ, ಪಂಜೆ ಒಗೆಯುವುದು, ಯಾವುದರಲ್ಲೂ ಅವಳು ಕಡಿಮೆ ಮಾಡಿದವಳಲ್ಲ. ಅಪ್ಪ ನಕ್ಕ. ‘ನನ್ನ ಚಿಂತಿ ಬಿಡವಾ. ನಂದು ಅನಿಕೇತ ಆಗಲೇ ನೋಡಿ ಇಟ್ಟಾನ’ ಎಂದ. ಜಯರಾಮ್ ಅಲ್ಲಿಂದಲೇ, ಓ ಸರ್ ಫಾಸ್ಟ್ ಇದ್ದಾರೆ, ರೂಮ್ ಆಗಲೇ ಸೆಲೆಕ್ಟ್ ಮಾಡಿಬಿಟ್ಟಿದ್ದಾರೆ ಎಂದು ಚಪ್ಪಾಳೆ ತಟ್ಟಿದ. ದೀಪಾಲಿಗೆ ಅರ್ಥವಾಯಿತೋ ಇಲ್ಲವೋ, ಅವಳು ಸೆರಗಿಲ್ಲದಿದ್ದರೂ ಭುಜ ಸರಿಮಾಡಿಕೊಂಡಳು. ಅನಿಕೇತ ನೆಲದ ಕಾರ್ಪೆಟ್ಟಿನ ಮೇಲೆ ಬಿದ್ದಿದ್ದ ಅನ್ನದ ಅಗುಳೊಂದನ್ನು ಕಾಲ್ಬೆರಳಿಂದ ಸರಿಸುತ್ತ ಕೂತ. ಸಿಟ್ಟು ಬಂದಿದ್ದರೆ ಬೇಕಾಗಿತ್ತು, ಅಪ್ಪ ಚುಚ್ಚಿದ ಎಂದಾದರೂ ಅಂದುಕೊಳ್ಳಬಹುದಿತ್ತು. ಆ ಮಾತಿನಲ್ಲಿ ಮುಳ್ಳೇ ಇರಲಿಲ್ಲ. ಗುಡ್ಡದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ ಅಷ್ಟೇ.

ಜಯರಾಮ್ ಹಿತ್ತಲಿಗೆ ಬಂದ. ಜಲ್ಲಿ, ಕಾಂಪೌಂಡು, ಕಣ್ಣು ಕೋರೈಸುವ ಬಿಸಿಲು. ಅಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿದ. ‘ಸಾಹೇಬ್ರ, ಅಲ್ಲಿ ಮಣ್ಣು ಹೆಂಗೈತ್ರಿ? ಆಳ ತೋಡಾಕ ಬರ್ತದೇನ್ರಿ?’ ಅಪ್ಪ ಕೇಳುತ್ತಿರುವುದು ತೋಟಕ್ಕಲ್ಲ ಎಂದು ಅನಿಕೇತನಿಗೆ ಹೊಳೆಯಿತು. ಜಯರಾಮನಿಗೆ ಮಾತ್ರ ಇದಕ್ಕಿಂತ ಇಷ್ಟದ ಪ್ರಶ್ನೆ ಇಲ್ಲ, ಮನೆ ನೋಡುವ ಎಲ್ಲ ಹಿರಿಯರೂ ತೋಟದ ಮಾತೇ ಎತ್ತುವುದು. ಅಯ್ಯೋ ಯಜಮಾನ್ರೇ, ಅದೊಂದು ಕೇಳ್ಬೇಡಿ, ಮೇಲೆ ಇಷ್ಟು ಮಣ್ಣು, ಕೆಳಗೆ ಸುಣ್ಣ ಕಟ್ಟಿಕೊಂಡ ಗಟ್ಟಿ ಪದರ, ಸಿಮೆಂಟೇ ಅಂದ್ಕೊಳ್ಳಿ, ಗುದ್ದಲಿ ಹಾಕಿದ್ರೆ ಗುದ್ದಲೀನೇ ವಾಪಸ್ ಬರುತ್ತೆ, ನಮ್ಮನೇಲಿ ಒಂದು ನಿಂಬೆ ಗಿಡ ನೆಡೋಕೆ ಮಷೀನ್ ತರಿಸ್ದೆ ಎಂದು ಶುರುಮಾಡಿ, ಕರಿಬೇವಿನಿಂದ ಹಿಡಿದು ಮಲ್ಲಿಗೆಯವರೆಗೆ ಯಾವುದು ಬದುಕುತ್ತೆ ಯಾವುದು ಸಾಯುತ್ತೆ ಎಲ್ಲ ಹೇಳಿದ. ‘ನೀವು ಸುಮ್ನೆ ಕುಂಡದಲ್ಲಿ ಹಾಕ್ಕೊಳ್ಳಿ ಯಜಮಾನ್ರೇ, ತೊಂದ್ರೇನೇ ಇಲ್ಲ.’ ಕುಂಡದಾಗ ಹಿಡಸೂದಿಲ್ಲಪಾ ಎಂದ ಅಪ್ಪ. ಹಂಗಾದ್ರೆ ದೊಡ್ಡ ಕುಂಡ ಸಿಗುತ್ತೆ ಎಂದ ಜಯರಾಮ್. ಮೆಟ್ಟಿಲ ಮೇಲಿದ್ದ ನಿಹಾರಿಕಾ ಎದ್ದು ಬಂದು ಅಜ್ಜನ ಕುರ್ಚಿಯ ಕೈ ಮೇಲೆ ಕೂತಳು. ಅವಳಿಗೆ ಅರ್ಥವಾಗಿತ್ತು. ಕನ್ನಡ ಮಾತಾಡಲು ಬಾರದ ಮಕ್ಕಳಿಗೆ ಎಷ್ಟು ತಿಳಿಯುತ್ತದೆಂಬ ಲೆಕ್ಕವನ್ನು ಈ ಮನೆಯಲ್ಲಿ ಯಾರೂ ಇಟ್ಟಿರಲಿಲ್ಲ. ಎರಡನೆಯ ಮನೆಯನ್ನೂ ಜಯರಾಮ್ ತೋರಿಸಿದ, ಅದರ ಬಾಗಿಲು ಪಶ್ಚಿಮಕ್ಕಿತ್ತು. ದೀಪಾಲಿ ಚಾಂಡ್ಲರಿನದನ್ನೇ ಹಿಡಿಯೋಣ ಎಂದಳು. ಇನ್ನೇನು ಸರ್, ಹೂಂ ಅಂದ್ರೆ ಪೇಪರ್ ಕಳಿಸ್ತೀನಿ ಎಂದು ಜಯರಾಮ್ ಅನಿಕೇತನನ್ನು ಕೇಳಿದ. ಸ್ವಲ್ಪ ಹೊತ್ತು ಕೊಡಿ ಎಂದು ಅನಿಕೇತ ಎದ್ದ. ಎದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಸುಮ್ಮನೆ ನಿಂತ.

ಹೊರಗೆ ಬಂದಾಗ ಅಪ್ಪ ಹಿತ್ತಲಿನ ಕಟ್ಟೆಯ ಮೇಲೆ ಕೂತಿದ್ದ. ಇಳಿಬಿಸಿಲು, ಬೇಲಿಯಾಚೆ ಯಾರದೋ ಮನೆಯಲ್ಲಿ ಮಾಂಸ ಸುಡುವ ವಾಸನೆ, ದೂರದಲ್ಲಿ ಬಾರ್ಟ್ ರೈಲು ಕಿರುಗುಟ್ಟಿ ಹೋದ ಸದ್ದು. ಅನಿಕೇತ ಪಕ್ಕದಲ್ಲಿ ಕೂತ. ಈಗ ಕೇಳದಿದ್ದರೆ ಇನ್ನಿಲ್ಲ. ಅಪ್ಪನ ಕೈ ಹಿಡಿಯಬೇಕೆನ್ನಿಸಿತು, ಹಿಡಿಯುವ ರೂಢಿ ಇಬ್ಬರಿಗೂ ಇರಲಿಲ್ಲ. ಕನ್ನಡಿಯೆದುರು ಕಲಿತ ಮಾತುಗಳೆಲ್ಲ ಎಲ್ಲೋ ಹೋಗಿ, ಬಾಯಿಂದ ಬಂದದ್ದು ಬೇರೆಯೇ.

‘ಅಪ್ಪಾ, ನೀ ಒಲ್ಲೆ ಅಂದ್ರ ನಾ ಹೋಗೂದಿಲ್ಲ.’

ಹೇಳಿ, ತಾನು ಹೇಳಿದ್ದು ಎಷ್ಟು ಚೆನ್ನಾಗಿತ್ತೆಂದು ಅವನಿಗೇ ಅನ್ನಿಸಿತು. ಯಾರಾದರೂ ಕೇಳಿಸಿಕೊಂಡಿದ್ದರೆ ಎಂಥ ಮಗ ಎನ್ನುತ್ತಿದ್ದರು. ಅಪ್ಪ ಸ್ವಲ್ಪ ಹೊತ್ತು ಬೇಲಿಯನ್ನೇ ನೋಡಿದ. ಬಸ್‌ಸ್ಟ್ಯಾಂಡಿನಲ್ಲಿ ಇಂಥ ಮಂದಿಯನ್ನು ಅವನು ಬೇಕಾದಷ್ಟು ನೋಡಿದ್ದನೇನೋ, ಹತ್ತುವ ಮನಸ್ಸಿಲ್ಲದೆ ಬಸ್ಸು ಯಾವಾಗ ಬಿಡತೈತ್ರಿ ಎಂದು ಮತ್ತೆ ಮತ್ತೆ ಬಂದು ಕೇಳುವವರನ್ನು.

‘ನಿನಗ ಒಲ್ಲದಿದ್ರ ನೀ ಒಲ್ಲೆ ಅನ್ನು, ತಮ್ಮಾ’ ಎಂದ ಅಪ್ಪ, ಮೆತ್ತಗೆ. ‘ನನ್ನ ಬಾಯಿಲೆ ಯಾಕ ಅನಸ್ತಿ?’

 ಹಾಗಲ್ಲಪ್ಪ ಎನ್ನಲು ಅನಿಕೇತ ಬಾಯಿ ತೆರೆದ, ಹಾಗೇ ಎಂಬುದು ಇಬ್ಬರಿಗೂ ಗೊತ್ತಿತ್ತು, ಮುಚ್ಚಿದ. ಒಲ್ಲೆ ಎನ್ನಬೇಕಾದ ಜಾಗ ಇದೇ ಆಗಿತ್ತು. ನನಗ ಒಲ್ಲದಪ್ಪ, ನನಗ ಅಂಜಿಕಿ ಬರ್ತೈತಿ, ಈ ವಯಸ್ಸಿನಾಗ ನಾ ಎಲ್ಲಿ ಹೋಗ್ಲಿ. ಒಳಗಿನಿಂದ ಅದು ಗಂಟಲಿನವರೆಗೂ ಬಂತು. ಅಪ್ಪ ಕಾದ. ಎಷ್ಟು ಹೊತ್ತು ಕಾದನೋ, ಅದರಲ್ಲಿ ಅವಸರವಿರಲಿಲ್ಲ, ಬೇಕಾದರೆ ಕತ್ತಲಾಗುವವರೆಗೂ ಕಾಯುವವನಂತಿದ್ದ. ಮಗ ಮಾತಾಡಲಿಲ್ಲ. ಕೊನೆಗೆ ಅಪ್ಪನೇ ಮೊಳಕಾಲ ಮೇಲೆ ಕೈಯೂರಿ ನಿಟ್ಟುಸಿರು ಬಿಟ್ಟ.

‘ನಾ ಬರ್ತೀನಿ. ನೀವೆಲ್ಲ ಅಲ್ಲಿರೂದು, ನಾ ಇಲ್ಲೇನ ಮಾಡ್ಲಿ? ಆದ್ರ ಒಂದ ಮಾತು. ಅಲ್ಲೇ ಏನರ ಆತಂದ್ರ ನನ್ನ ಇಲ್ಲೀತನಕ ಹೊತಗೊಂಡ ಬರೂ ಹುಚ್ಚ ಹಚಗೋಬ್ಯಾಡ. ಮಣ್ಣು ಗಟ್ಟಿ ಅಂತಾನಲ್ಲ ಅಂವ. ಮಣ್ಣಿಂದೂ ತ್ರಾಸ ತಗೋಬ್ಯಾಡ.’ ಒಂದು ಕ್ಷಣ ತಡೆದ. ‘ಸುಟ್ಟಬಿಡು.’

‘ಆತಪ್ಪಾ’ ಎಂದ ಅನಿಕೇತ.

ಎಂದುಬಿಟ್ಟ. ಅದು ಬಾಯಿಂದ ಬಿದ್ದ ಮೇಲೆಯೇ ಅವನ ಕಿವಿಗೆ ಬಿದ್ದದ್ದು. ಅಪ್ಪ ಸುಟ್ಟಬಿಡು ಎಂದದ್ದಕ್ಕೂ ಮಗ ಆತು ಎಂದದ್ದಕ್ಕೂ ನಡುವೆ ಒಂದು ಉಸಿರಿನಷ್ಟೂ ಸಂದು ಇರಲಿಲ್ಲ. ಹಂಗೆಲ್ಲಾ ಅನಬ್ಯಾಡಪ್ಪಾ ಎನ್ನಬೇಕಿತ್ತು. ಅವ್ವನ ಪಕ್ಕಕ್ಕೇ ತರ್ತೀನಿ, ವಿಮಾನದಾಗ ತರ್ತೀನಿ, ಸಾಲ ಮಾಡಿ ತರ್ತೀನಿ, ಸುಳ್ಳಾದರೂ ಹೇಳಬೇಕಿತ್ತು. ತಲೆತಲಾಂತರದಿಂದ ಯಾರನ್ನೂ ಬೆಂಕಿಗೆ ಕೊಡದ ಮನೆತನದ ಮುದುಕ ತನ್ನನ್ನು ಬೆಂಕಿಗೆ ಕೊಡು ಎನ್ನುತ್ತಿದ್ದಾನೆ, ಮಗನ ತ್ರಾಸು ತಪ್ಪಲಿ ಎಂದು. ಮಗ ಅದನ್ನು ಆಫೀಸಿನ ಮೀಟಿಂಗಿನಲ್ಲಿ ಒಪ್ಪಿಕೊಂಡ ಹಾಗೆ ಒಪ್ಪಿಕೊಂಡ. ಇನ್ನೂ ಹೊಲಸು ಎಂದರೆ, ಆ ಕ್ಷಣ ಎದೆಯ ಮೇಲಿನ ಭಾರ ಇಳಿದಂತೆ ಹಗುರವಾಗಿದ್ದು ಸುಳ್ಳಲ್ಲ. ಅಪ್ಪ ಅವನ ಕಡೆ ತಿರುಗಿ ನೋಡಿದ. ಬೈಯುವ ನೋಟವಲ್ಲ ಅದು. ಇಷ್ಟು ಬೇಗ ಅನ್ನುತ್ತಾನೆಂದು ಅವನೂ ಅಂದುಕೊಂಡಿರಲಿಲ್ಲ, ಅಷ್ಟೇ.

‘ಆತು ಹಂಗಾದ್ರ’ ಎಂದ ಅಪ್ಪ. ಎದ್ದು ಧೋತರ ಕೊಡವಿಕೊಂಡ.

ದೀಪಾಲಿ ಬಾಗಿಲು ಸರಿಸಿ ಫೋನು ಚಾಚಿದಳು, ಜಯರಾಮ್ ಮತ್ತೆ ಲೈನಿನಲ್ಲಿದ್ದಾನೆಂದು ತುಟಿ ಅಲ್ಲಾಡಿಸಿದಳು. ಅನಿಕೇತ ತೆಗೆದುಕೊಂಡು ಕಿವಿಗೆ ಹಿಡಿದ. ಅಪ್ಪ ಅವಳನ್ನು ದಾಟಿ ಒಳಗೆ ಹೋಗುತ್ತ, ಚಾ ಇಡವಾ ಎಂದದ್ದು ಕೇಳಿಸಿತು. ಫೋನಿನಲ್ಲಿ ಜಯರಾಮ್, ಏನಾಯ್ತು ಸರ್, ಯಜಮಾನ್ರು ಒಪ್ಪಿದ್ರಾ ಎಂದ.

‘ಒಪ್ಪಿದ್ರು’ ಎಂದ ಅನಿಕೇತ. ಅದೂ ಅಷ್ಟೇ ಬೇಗ ಬಂತು.